ಕೆಂಡ ಏಳಬೇಕು, ಬೂದಿ ಹಾರಬಾರದು: ಟ್ರಂಪೆಟ್‌ನ ಮೇಲಿನ ಸ್ವರಗಳ ಬೆನ್ನು ಹತ್ತಿದ ನನ್ನ ಅನುಭವ

ನನ್ನ ಮೇಲ್ತುಟಿಯ ನಡುವೆ ಒಂದು ಗುರುತಿದೆ. ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ, ಬಿದಿಗೆ ಚಂದ್ರನ ಹಾಗೆ. ಬಿದ್ದದ್ದಲ್ಲ, ಯಾರೂ ಹೊಡೆದದ್ದಲ್ಲ. ಟ್ರಂಪೆಟ್ ವಾದಕ ಮೇನಾರ್ಡ್ ಫರ್ಗ್ಯುಸನ್ ಥರ ಊದಬೇಕು ಅಂತ ಹಠ ಹಿಡಿದು ನಾನೇ ಮಾಡಿಕೊಂಡದ್ದು.

ನಮ್ಮೂರು ಚಿಂತಾಮಣಿ ಕಡೆ. ಸೋದರಮಾವನದು ಮದುವೆ ಬ್ಯಾಂಡ್ ಸೆಟ್. ಹದಿನಾಲ್ಕನೇ ವಯಸ್ಸಿಗೆ ನನ್ನ ಕೈಗೆ ಟ್ರಂಪೆಟ್ ಬಂತು. ಮಾವ ಅದನ್ನು ಕೊನೆಯವರೆಗೂ ತುತ್ತೂರಿ ಅಂತಲೇ ಕರೆದರು. ಮೆರವಣಿಗೆಯಲ್ಲಿ ನುಡಿಸುತ್ತಿದ್ದದ್ದು ಸಿನಿಮಾ ಹಾಡು. ಹಾಡುವವರ ಗಂಟಲು ಎಷ್ಟು ಮೇಲೆ ಹೋಗುತ್ತದೋ ನಮ್ಮ ತುತ್ತೂರಿಯೂ ಅಷ್ಟೇ ಹೋಗುತ್ತಿತ್ತು. ಅದರಾಚೆಗೂ ಒಂದು ಜಾಗ ಇದೆ ಅನ್ನೋದೇ ಗೊತ್ತಿರಲಿಲ್ಲ.

ಗೊತ್ತಾದದ್ದು 1999ರಲ್ಲಿ, ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಹತ್ತು ರೂಪಾಯಿಗೆ ಸಿಕ್ಕ ಒಂದು ಕ್ಯಾಸೆಟ್‌ನಿಂದ. ಮೇಲೆ ಹೆಸರಿಲ್ಲ, ಕವರ್ ಇಲ್ಲ. ರಾತ್ರಿ ರೂಮಿನಲ್ಲಿ ಹಾಕಿದೆ. ಒಂದು ಹಾಡಿನ ಕೊನೆಯಲ್ಲಿ ಏನೋ ಒಂದು ವಾದ್ಯ ಉಳಿದ ಎಲ್ಲ ವಾದ್ಯಗಳ ನೆತ್ತಿಯ ಮೇಲೆ ಹತ್ತಿ ನಿಂತುಬಿಟ್ಟಿತು. ಕ್ಲಾರಿನೆಟ್ ಇರಬೇಕು ಅಂದುಕೊಂಡೆ. ಮತ್ತೆ ಕೇಳಿದೆ. ಕ್ಲಾರಿನೆಟ್‌ಗೆ ಆ ಅಂಚು ಇರಲ್ಲ. ನಾಲ್ಕನೇ ಸಲಕ್ಕೆ ನಿಧಾನವಾಗಿ ಅರ್ಥವಾಯಿತು: ಇದು ಟ್ರಂಪೆಟ್. ನನ್ನ ಮಂಚದ ಕೆಳಗೆ ಬಿದ್ದಿರುವ ಅದೇ ವಾದ್ಯ. ಆಮೇಲೆ ಸೈಬರ್ ಸೆಂಟರ್‌ನಲ್ಲಿ ಕೂತು ಹುಡುಕಿ ಹೆಸರು ಪತ್ತೆ ಮಾಡಿದೆ. ‘ರಾಕಿ’ ಸಿನಿಮಾದ ಧಾಟಿ, 1977ರಲ್ಲಿ ಫರ್ಗ್ಯುಸನ್ ತಮ್ಮ ಬ್ಯಾಂಡ್ ಜೊತೆ ನುಡಿಸಿ ಅಮೆರಿಕದಲ್ಲಿ ಭಾರಿ ಹಿಟ್ ಮಾಡಿದ್ದು.

ಫರ್ಗ್ಯುಸನ್ ಕೆನಡಾದವರು, 1928ರಲ್ಲಿ ಮಾಂಟ್ರಿಯಲ್ ಪಕ್ಕದ ವೆರ್ಡನ್‌ನಲ್ಲಿ ಹುಟ್ಟಿದವರು. 1950ರಲ್ಲಿ ಸ್ಟ್ಯಾನ್ ಕೆಂಟನ್ ಅವರ ದೊಡ್ಡ ಆರ್ಕೆಸ್ಟ್ರಾ ಸೇರಿದಾಗ ಇನ್ನೂ ಮೀಸೆ ಚಿಗುರುವ ವಯಸ್ಸು. ಇವೆಲ್ಲ ಓದುತ್ತಾ ಹೋದವನು ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಈ ಮನುಷ್ಯ 1960ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದಿದ್ದರು, ಮದನಪಲ್ಲಿ ಹತ್ತಿರದ ಋಷಿ ವ್ಯಾಲಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದರು! ಮದನಪಲ್ಲಿ ಅಂದರೆ ನಮಗೆ ಟೊಮೆಟೊ ಮಾರ್ಕೆಟ್. ಚಿಂತಾಮಣಿಯಲ್ಲಿ ಬಸ್ ಹತ್ತಿದರೆ ಒಂದೆರಡು ಗಂಟೆ. ಆಮೇಲೆ ಪುಟ್ಟಪರ್ತಿಯ ಕಾಲೇಜು ಹುಡುಗರ ಬ್ರಾಸ್ ಬ್ಯಾಂಡ್‌ಗೂ ಅವರು ಕಲಿಸಿದ್ದಾರೆ. ಜಗತ್ತಿನಲ್ಲೇ ಅತಿ ಮೇಲೆ ಊದುವ ಮನುಷ್ಯ ಬೆಟ್ಟದ ಆ ಕಡೆ ಪಾಠ ಮಾಡುತ್ತಿದ್ದಾಗ ಈ ಕಡೆ ನಮ್ಮ ಮಾವ ಮದುವೆಗೆ ಮುಂಗಡ ಎಣಿಸುತ್ತಿದ್ದರು. ಮಾವನಿಗೆ ಹೇಳಿದೆ. ‘ಹೌದಾ? ಎಷ್ಟು ತಗೋತಿದ್ದರಂತೆ?’ ಅಂತ ಕೇಳಿದರು.

ಅಲ್ಲಿಂದ ನನ್ನ ಹುಚ್ಚು ಶುರುವಾಯಿತು. ವಿಡಿಯೋ ನೋಡಿದೆ. ಫರ್ಗ್ಯುಸನ್ ಎದೆ ಉಬ್ಬಿಸುತ್ತಾರೆ, ಮುಖ ಕೆಂಪಾಗುತ್ತದೆ, ಕತ್ತಿನ ನರ ಎದ್ದು ನಿಲ್ಲುತ್ತದೆ, ಸ್ವರ ಬರುತ್ತದೆ. ಸರಿ, ಎದೆ ಉಬ್ಬಿಸಿದರೆ ಬರುತ್ತದೆ ಅಂತ ನಾನು ತಿಳಿದೆ. ಮೌತ್‌ಪೀಸನ್ನು ತುಟಿಗೆ ಒತ್ತಿ ಹಿಡಿದು ಪ್ರಾಣ ಹೋಗುವ ಹಾಗೆ ಊದಿದೆ. ಒತ್ತಿದರೆ ಒಂದೆರಡು ಸ್ವರ ಸುಲಭಕ್ಕೆ ಮೇಲೆ ಸಿಗುತ್ತದೆ. ಅದೇ ಮೋಸ. ತುಟಿಗೆ ರಕ್ತ ಓಡುವುದು ನಿಲ್ಲುತ್ತದೆ, ತುಟಿ ಕಂಪಿಸುವುದು ನಿಲ್ಲುತ್ತದೆ, ಸ್ವರವೂ ಸತ್ತುಹೋಗುತ್ತದೆ. ಎರಡು ಸಲ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತಿದ್ದೇನೆ.

ಹೊಸಕೋಟೆಯಲ್ಲಿ ಒಂದು ಮದುವೆ. ಹೆಣ್ಣಿನ ಕಡೆಯವರು ಖುಷಿಯಲ್ಲಿದ್ದರು, ನಾನೂ ಮೈಮರೆತಿದ್ದೆ. ಹಾಡಿನ ಕೊನೆಯ ಸ್ವರವನ್ನು ಮೇಲಿನ ಸ್ಥಾಯಿಗೆ ಎತ್ತಲು ಹೋದೆ. ಬಂದದ್ದು ಸ್ವರವಲ್ಲ, ಟೈರಿನ ಗಾಳಿ ಬಿಟ್ಟ ಸದ್ದು. ಹುಡುಗರು ನಕ್ಕರು. ಹಟಕ್ಕೆ ಮತ್ತೆ ಒತ್ತಿದೆ, ಬಾಯಲ್ಲಿ ಉಪ್ಪುಪ್ಪು ರುಚಿ. ಮೌತ್‌ಪೀಸ್ ತೆಗೆದು ನೋಡಿದರೆ ಅಂಚಿನಲ್ಲಿ ರಕ್ತ. ಮೂರು ವಾರ ಊದಲಿಲ್ಲ. ಬಿಸಿ ಕಾಫಿ ಕುಡಿಯಲೂ ಆಗಲಿಲ್ಲ. ಜಾಝ್ ಟ್ರಂಪೆಟ್‌ನ ದೊಡ್ಡ ಹೆಸರು ಲೂಯಿ ಆರ್ಮ್‌ಸ್ಟ್ರಾಂಗ್ ಅಂಥವರೇ ತುಟಿ ಹಾಳು ಮಾಡಿಕೊಂಡು ಒದ್ದಾಡಿದ್ದಾರೆ. ತುಟಿಯ ಸುತ್ತಲಿನ ಸ್ನಾಯು ಹರಿಯುವ ಆ ತೊಂದರೆಗೆ ಅವರ ಅಡ್ಡಹೆಸರಿನಿಂದಲೇ ‘ಸ್ಯಾಚ್ಮೋ ಸಿಂಡ್ರೋಮ್’ ಅನ್ನುತ್ತಾರೆ. ನನ್ನದು ಅಷ್ಟು ದೂರ ಹೋಗಿರಲಿಲ್ಲ, ಪುಣ್ಯ.

ಊದದೆ ಕೂತ ಆ ದಿನಗಳಲ್ಲಿ ಮೊದಲ ಸಲ ಸರಿಯಾಗಿ ಓದಿದೆ. ಟ್ರಂಪೆಟ್ ಅಂದರೆ ಬಿಚ್ಚಿ ನೇರ ಮಾಡಿದರೆ ಸುಮಾರು ಒಂದೂವರೆ ಮೀಟರ್ ಕೊಳವೆ. ಕವಾಟ, ಅಂದರೆ ಬೆರಳಿನ ಗುಂಡಿ, ಒತ್ತದೆಯೇ ಅದರಲ್ಲಿ ಹಲವು ಸ್ವರ ಬರುತ್ತವೆ, ಮೆಟ್ಟಿಲಿನ ಹಾಗೆ. ಕೆಳಗಿನ ಮೆಟ್ಟಿಲುಗಳು ದೂರ ದೂರ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ ಸಿ ಆದ ಮೇಲೆ ಜಿ, ಅದರ ಮೇಲೆ ಮುಂದಿನ ಸಿ. ಮೇಲೆ ಹೋದಂತೆಲ್ಲ ಮೆಟ್ಟಿಲು ಒತ್ತೊತ್ತಾಗುತ್ತವೆ. ಆ ಸಿಗಿಂತ ಇನ್ನೊಂದು ಸ್ಥಾಯಿ ಮೇಲಿನ ‘ಹೈ ಸಿ’ ಮುಟ್ಟಿದರೆ ಸಿ, ಡಿ, ಇ ಪಕ್ಕಪಕ್ಕದಲ್ಲೇ ಕೂತಿರುತ್ತವೆ. ತುಟಿ ಕೂದಲೆಳೆ ತಪ್ಪಿದರೆ ಪಕ್ಕದ ಮನೆಗೆ ನುಗ್ಗಿಬಿಡುತ್ತೇವೆ.

ಇನ್ನೊಂದು ವಿಷಯ ನನ್ನನ್ನು ನಿಜಕ್ಕೂ ಬೆಚ್ಚಿಸಿತು. ಕೊಳವೆಯ ತುದಿಯಲ್ಲಿ ಗಂಟೆಯಾಕಾರದ ಬಾಯಿ ಇದೆಯಲ್ಲ, ಅದು ಒಳಗಿನ ಅಲೆಯ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಹಾಗೆ ವಾಪಸ್ ಬಂದ ಅಲೆಯೇ ತುಟಿಯನ್ನು ಹಿಡಿದು ನಿಲ್ಲಿಸುವುದು. ಆದರೆ ಸುಮಾರು 1500 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ದಾಟಿದ ಮೇಲೆ ಅಲೆ ವಾಪಸ್ ಬರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹೊರಗೆ ಹೋಗಿಬಿಡುತ್ತದೆ. ಹೈ ಸಿ 932 ಹರ್ಟ್ಜ್, ಅಲ್ಲಿ ವಾದ್ಯ ಜೊತೆಗಿದೆ. ಅದಕ್ಕಿಂತ ಒಂದು ಸ್ಥಾಯಿ ಮೇಲಿನ ಡಬಲ್ ಸಿ 1865. ಅಲ್ಲಿ ವಾದ್ಯ ಕೈ ಬಿಟ್ಟಿರುತ್ತದೆ. ಉಳಿದದ್ದು ತುಟಿ, ಗಾಳಿ ಮತ್ತು ಊದುವವನ ಕಿವಿ. ಬಲವಂತ ಮಾಡೋಣ ಅಂದರೆ ಅಲ್ಲಿ ಒದೆಯುವುದಕ್ಕೆ ಗೋಡೆಯೇ ಇಲ್ಲ.

ದಾರಿ ತೋರಿಸಿದ್ದು ಫರ್ಗ್ಯುಸನ್ ಅಲ್ಲ, ಕ್ಯಾಟ್ ಆಂಡರ್ಸನ್. ದಕ್ಷಿಣ ಕೆರೊಲಿನಾದಲ್ಲಿ 1916ರಲ್ಲಿ ಹುಟ್ಟಿ, ಅನಾಥಾಶ್ರಮದಲ್ಲಿ ಬೆಳೆದು, ಅಲ್ಲಿನ ಬ್ಯಾಂಡ್‌ನಲ್ಲೇ ಊದಲು ಕಲಿತವರು. 1944ರಲ್ಲಿ ಡ್ಯೂಕ್ ಎಲಿಂಗ್ಟನ್ ಬ್ಯಾಂಡ್ ಸೇರಿದರು. ಆಗಿನ ಕಾಲದಲ್ಲಿ ಅವರಷ್ಟು ಮೇಲೆ ಹೋಗುವವರು ಇರಲಿಲ್ಲ ಅಂದರೂ ನಡೆಯುತ್ತದೆ. ಅಂಥವರು ಹೇಳಿಕೊಟ್ಟ ಅಭ್ಯಾಸ ಏನು ಗೊತ್ತಾ? ಮಧ್ಯ ಸ್ಥಾಯಿಯ ಜಿ ಒಂದನ್ನೇ, ಪಿಸುಮಾತಿನಷ್ಟು ಮೆಲ್ಲಗೆ, 20 ನಿಮಿಷ ಹಿಡಿಯಿರಿ. ಅಷ್ಟೇ. ಓದಿ ನಗು ಬಂತು. ಮೇಲೆ ಹತ್ತಬೇಕು ಅಂದರೆ ನೆಲದ ಮೇಲೆ ಕೂತಿರು ಅಂತಾರಲ್ಲ!

ತುಟಿ ವಾಸಿಯಾದ ಮೇಲೆ ಬೇರೆ ದಾರಿ ಇರಲಿಲ್ಲ, ಅದನ್ನೇ ಹಿಡಿದೆ. ಮೊದಲ ದಿನ ನಾಲ್ಕು ನಿಮಿಷ ಆಗಲಿಲ್ಲ. ಜೋರಾಗಿ ಊದುವಾಗ ಮುಚ್ಚಿಹೋಗುವ ತಪ್ಪೆಲ್ಲ ಮೆಲ್ಲಗೆ ಊದಿದರೆ ಬಯಲಾಗುತ್ತದೆ. ಸ್ವರ ನಡುಗುತ್ತದೆ, ಬರೀ ಗಾಳಿ ಬರುತ್ತದೆ, ನಿಂತೇ ಹೋಗುತ್ತದೆ. ಉಸಿರಿಗೆ ಬೇಕಾದಾಗ ಮೂಗಿನಿಂದ ಎಳೆದುಕೊಂಡು, ಮೌತ್‌ಪೀಸನ್ನು ತುಟಿಯಿಂದ ತೆಗೆಯದೆ, ಮತ್ತೆ ಅದೇ ಜಿ. ಬರೀ ಒಂದು ಸ್ವರ ಬೇಜಾರಾಗುತ್ತದೆ ಅಂತ ಫೋನಿನಲ್ಲಿ ತಂಬೂರಿ ಹಾಕಿಕೊಂಡೆ. ನಮ್ಮ ಟ್ರಂಪೆಟ್‌ನ ಜಿ ಅಂದರೆ ಹಾರ್ಮೋನಿಯಂನಲ್ಲಿ ಎಫ್, ನಾಲ್ಕು ಮನೆ ಶ್ರುತಿ. ಅದು ಷಡ್ಜ. ತಂಬೂರಿ ಜೊತೆ ಸೇರಿದಾಗ ಸ್ವರ ತಾನಾಗಿ ಹಗುರ ಆಗುತ್ತದೆ, ತುಟಿಗೆ ಗೊತ್ತಾಗುತ್ತದೆ. ಶ್ರುತಿ ಬಿಟ್ಟರೆ ಅಷ್ಟೇ ಬೇಗ ಸುಸ್ತು. ಸಂಗೀತ ಪಾಠಕ್ಕೆ ಹೋಗುವ ಪಕ್ಕದ ಮನೆ ಮಗು ಒಂದು ದಿನ ‘ಅಂಕಲ್, ನಿಮಗೆ ಸ ಬಿಟ್ಟು ರಿ ಇನ್ನೂ ಹೇಳಿಕೊಟ್ಟಿಲ್ವಾ?’ ಅಂತ ಕೇಳಿತು.

ಎರಡನೇ ತಿಂಗಳಲ್ಲಿ ಅಜ್ಜಿ ನೆನಪಾದರು. ಅವರು ಹಂಡೆ ಒಲೆಗೆ ಊದುಗೊಳವೆಯಲ್ಲಿ ಊದುವುದನ್ನು ಸಣ್ಣವನಿದ್ದಾಗ ನೋಡುತ್ತಾ ಕೂರುತ್ತಿದ್ದೆ. ನಾವು ಮಕ್ಕಳು ಕೆನ್ನೆ ಉಬ್ಬಿಸಿ ಬುಸ್ ಅಂತ ಊದಿದರೆ ಬೂದಿ ಹಾರಿ ಕಣ್ಣಿಗೆ ಬೀಳುತ್ತಿತ್ತು. ಅಜ್ಜಿ ಕೆನ್ನೆ ಉಬ್ಬಿಸುತ್ತಲೇ ಇರಲಿಲ್ಲ. ತುಟಿ ಸಣ್ಣಗೆ, ಗಾಳಿ ಸಣ್ಣಗೆ, ಆದರೆ ಎಡೆಬಿಡದೆ. ಬೂದಿ ಕದಲುತ್ತಿರಲಿಲ್ಲ, ಅದರಡಿಯ ಕೆಂಡ ಮಾತ್ರ ಮೆಲ್ಲಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಆ ಬೆಳಗ್ಗೆ ಜಿ ಹಿಡಿದು ಕೂತಾಗ ಅಜ್ಜಿಯ ಬಾಯನ್ನೇ ನೆನೆಸಿಕೊಂಡು ಊದಿದೆ. ನಡುಕ ನಿಂತಿತು. ಹದಿನೆಂಟು ನಿಮಿಷ ಆಗಿದೆ ಅಂತ ಗೊತ್ತಾದದ್ದು ಗಡಿಯಾರ ನೋಡಿದ ಮೇಲೆಯೇ.

ಆಮೇಲೆ ನಾಲಿಗೆ. ಸಿಳ್ಳೆ ಹೊಡೆಯುವಾಗ ಕೆಳಗಿನಿಂದ ಮೇಲಿನ ಸ್ವರಕ್ಕೆ ಹೋಗಿ ನೋಡಿ. ತುಟಿ ಹೆಚ್ಚು ಕದಲಲ್ಲ, ನಾಲಿಗೆ ಮುಂದೆ ಬಂದು ಎದ್ದು ನಿಲ್ಲುತ್ತದೆ. ಟ್ರಂಪೆಟ್‌ನಲ್ಲೂ ಅದೇ. ಕೆಳಗಿನ ಸ್ವರಕ್ಕೆ ಬಾಯೊಳಗೆ ‘ಆ’, ಮೇಲಿನದಕ್ಕೆ ‘ಈ’. ಮೌತ್‌ಪೀಸ್ ಒತ್ತುವುದನ್ನು ಬಿಡಲು ಎಡಗೈಯ ಬೆರಳುಗಳನ್ನು ಸಡಿಲ ಮಾಡಿ ಊದಲು ಶುರು ಮಾಡಿದೆ. ಜಿ ಇಂದ ಒಂದೊಂದೇ ಅರ್ಧ ಸ್ವರ ಮೇಲೆ, ಮೆಲ್ಲಗೆ ಬಂದರೆ ಮಾತ್ರ ಲೆಕ್ಕಕ್ಕೆ. ಜೋರಾಗಿ ಬಂದದ್ದಕ್ಕೆ ಅಂಕ ಇಲ್ಲ. ಎಷ್ಟು ಹೊತ್ತು ಊದಿದೆನೋ ಅಷ್ಟೇ ಹೊತ್ತು ವಿರಾಮ. ಈ ವಿರಾಮವೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು, ನಿಜ ಹೇಳಬೇಕು ಅಂದರೆ.

ನಡುವೆ ದುಡ್ಡೂ ಕಳೆದೆ. ಬಟ್ಟಲು ಆಳ ಇಲ್ಲದ ಮೌತ್‌ಪೀಸ್ ಹಾಕಿದರೆ ಮೇಲೆ ಹತ್ತಬಹುದು ಅಂತ ಯಾರೋ ಹೇಳಿದರು, ತರಿಸಿದೆ. ನನ್ನ ತುಟಿ ದಪ್ಪ. ಬಟ್ಟಲಿನ ತಳಕ್ಕೆ ತುಟಿ ತಾಗಿ ಸ್ವರವೇ ನಿಲ್ಲುತ್ತಿತ್ತು. ಸದ್ದಿಗೆ ಚುರುಕು ಬಂತು, ಒಪ್ಪುತ್ತೇನೆ, ಆದರೆ ಒಂದೇ ಒಂದು ಸ್ವರ ಜಾಸ್ತಿ ಸಿಗಲಿಲ್ಲ. ಮತ್ತೆ ಹಳೆಯ 7ಸಿ ಅಳತೆಯ ಮೌತ್‌ಪೀಸ್‌ಗೇ ಬಂದೆ.

ಎಂಟು ತಿಂಗಳಿಗೆ ಹೈ ಸಿ ಬೇಕೆಂದಾಗ ಸಿಗತೊಡಗಿತು. ಎರಡು ವರ್ಷಕ್ಕೆ ಅದರ ಮೇಲಿನ ಎಫ್. ಒಳ್ಳೆಯ ದಿನ ಜಿ. ಡಬಲ್ ಸಿ ಇವತ್ತಿಗೂ ಇಲ್ಲ. ಕೀಚ್ ಅಂತ ಬಂದದ್ದಿದೆ, ಅದನ್ನು ಸ್ವರ ಅಂದರೆ ತಪ್ಪಾಗುತ್ತದೆ.

ಬದಲಾದದ್ದು ಕೇಳುವ ರೀತಿ. ಮುಂಚೆ ಎಷ್ಟು ಮೇಲೆ ಹೋದರು ಅಂತ ಎಣಿಸುತ್ತಿದ್ದೆ. ಈಗ ಮೇಲೆ ಹೋಗುವ ಮುಂಚೆ ಏನು ಮಾಡಿದರು ಅಂತ ಕೇಳುತ್ತೇನೆ. 1956ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಎಲಿಂಗ್ಟನ್ ಬ್ಯಾಂಡ್ ನುಡಿಸಿದ ಬ್ಲೂಸ್ ಇದೆ. ಪಾಲ್ ಗೊನ್ಸಾಲ್ವೆಸ್ ಸ್ಯಾಕ್ಸೊಫೋನ್‌ನಲ್ಲಿ 27 ಸುತ್ತು ಬಿಡದೆ ನುಡಿಸಿದ್ದು, ಜನ ಎದ್ದು ಕುಣಿದದ್ದು, ಎಲ್ಲರೂ ಹೇಳುವ ಕಥೆ. ನಾನು ಕಾಯುವುದು ಅದಾದ ಮೇಲಿನದಕ್ಕೆ. ಇಡೀ ಬ್ಯಾಂಡ್ ತುಂಬಿ ಬರುವಾಗ ಕೊನೆಯಲ್ಲಿ ಆಂಡರ್ಸನ್ ಮೇಲಿಂದ ಇಳಿಯುತ್ತಾರೆ. ಅಷ್ಟು ಹೊತ್ತು ಉಳಿದವರ ಜೊತೆ ಸಾಲಿನಲ್ಲಿ ಕೂತು ಊದುತ್ತಿದ್ದ ಮನುಷ್ಯ! ತೇರಿಗೆ ಕಳಶ ಇಟ್ಟ ಹಾಗೆ. ಕಳಶವನ್ನೇ ಮೊದಲು ಕೈಯಲ್ಲಿ ಹಿಡಿದು ಬೀದಿ ಸುತ್ತಿದರೆ ಏನು ಚೆಂದ?

ಈ ಲೆಕ್ಕದಲ್ಲಿ ಫರ್ಗ್ಯುಸನ್ ಬಗ್ಗೆ ನನಗೆ ಸಣ್ಣ ತಕರಾರಿದೆ. 70ರ ದಶಕದ ರೆಕಾರ್ಡ್‌ಗಳಲ್ಲಿ ಕಳಶ ಜಾಸ್ತಿ, ತೇರು ಕಡಿಮೆ. ಕೆಂಟನ್ ಕಾಲದವು ಹಾಗಲ್ಲ. ಜಾನ್ ಫ್ಯಾಡಿಸ್ ನನಗೆ ಇನ್ನೂ ಇಷ್ಟ. ಡಿಜ್ಜಿ ಗಿಲೆಸ್ಪಿ ಅವರ ಶಿಷ್ಯ, ಗುರು ಓಡಾಡಿದ ಜಾಗಕ್ಕಿಂತ ಒಂದು ಮಹಡಿ ಮೇಲೆ ನಿಂತು ಮಾತಾಡುತ್ತಾರೆ, ಕಿರುಚುವುದಿಲ್ಲ. ಕ್ಯೂಬಾದ ಆರ್ಟುರೊ ಸಾಂಡೊವಲ್ ಎಲ್ಲವನ್ನೂ ಮಾಡಬಲ್ಲರು, ಮಾಡಿಯೂಬಿಡುತ್ತಾರೆ, ಅದೇ ಕೆಲವೊಮ್ಮೆ ಸುಸ್ತು. ಬಿಲ್ ಚೇಸ್ 1974ರಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟರು, ಇನ್ನೂ ನಲವತ್ತು ತುಂಬಿರಲಿಲ್ಲ. ಆರ್ಮ್‌ಸ್ಟ್ರಾಂಗ್ 1928ರಲ್ಲಿ ಮಾಡಿದ ‘ವೆಸ್ಟ್ ಎಂಡ್ ಬ್ಲೂಸ್’ ಕೊನೆಯ ಸುತ್ತಿಗೆ ಬಂದಾಗ ಒಂದೇ ಸ್ವರವನ್ನು ಹೆಚ್ಚುಕಡಿಮೆ ನಾಲ್ಕು ಬಾರ್ (ತಾಳದ ಆವರ್ತ) ಹಿಡಿದು ನಿಲ್ಲುತ್ತಾರೆ. ಅದು ಬರೀ ಹೈ ಸಿ. ಈಗ ಚೆನ್ನಾಗಿ ಕಲಿತ ಕಾಲೇಜು ಹುಡುಗರೂ ಊದುವ ಸ್ವರ. ಆದರೂ ಅದು ಬಂದಾಗ ನಾನು ಮಾಡುತ್ತಿರುವ ಕೆಲಸ ಬಿಟ್ಟು ನಿಲ್ಲುತ್ತೇನೆ.

ಈಗಲೂ ಬೆಳಗ್ಗೆ ಆರಕ್ಕೆ ಜಿ. ಮೊದಲ ಐದು ನಿಮಿಷ ಹೆಂಡತಿ ಮಿಕ್ಸಿ ಹಾಕುವುದಿಲ್ಲ, ಅದು ನಮ್ಮ ಒಪ್ಪಂದ. ತುಟಿಯ ಗುರುತಿನ ಜಾಗದಲ್ಲಿ ಚಳಿಗಾಲಕ್ಕೆ ಸ್ವಲ್ಪ ಬಿಗಿತ ಬರುತ್ತದೆ, ತೆಂಗಿನೆಣ್ಣೆ ಸವರುತ್ತೇನೆ. ಒಂದು ಪುಸ್ತಕದಲ್ಲಿ ದಿನಾ ಬರೆದಿಡುತ್ತೇನೆ. ಮೊನ್ನೆ: ಎಫ್, ಮೆಲ್ಲಗೆ, ಸರಿ. ನಿನ್ನೆ: ಜಿ, ಎರಡು ಸಲ. ಇವತ್ತು: ಸಿ ಕೂಡ ಇಲ್ಲ. ನಿನ್ನೆ ರಾತ್ರಿ ಊಟಕ್ಕೆ ಹುರಿದ ಮೆಣಸಿನಕಾಯಿ.