ಮುಂಬಯಿ–ಮಂಗಳೂರು ವಿಮಾನಯಾನ: ದೂರ ಮತ್ತು ಸಮಯವನ್ನು ನಾನು ಲೆಕ್ಕ ಹಾಕುವ ಬಗೆ

ಮುಂಬಯಿಯ ಮಾಟುಂಗಾದ ನಮ್ಮ ಬಂಧುಬಳಗದಲ್ಲಿ ಊರಿನ ದೈವದ ನೇಮಕ್ಕೋ ಮದುವೆಗೋ ಹೊರಡುವ ಹಿರಿಯರ ಪ್ರಯಾಣವನ್ನು ಗೊತ್ತುಪಡಿಸುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬರುವುದರಿಂದ, ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಸಮಯವನ್ನೂ ಸ್ವತಃ ಲೆಕ್ಕ ಹಾಕುವುದನ್ನು ನಾನು ರೂಢಿಸಿಕೊಂಡಿದ್ದೇನೆ.

ದೂರದ ಲೆಕ್ಕಕ್ಕೆ ಕಾಗದ, ಪೆನ್ನು ಸಾಕು. ಮುಂಬಯಿ ನಿಲ್ದಾಣದ ಅಕ್ಷಾಂಶ 19.09, ರೇಖಾಂಶ 72.87, ಮಂಗಳೂರಿನ ನಿಲ್ದಾಣವಿರುವ ಬಜಪೆಯ ಅಕ್ಷಾಂಶ 12.96, ರೇಖಾಂಶ 74.89. ಅಕ್ಷಾಂಶಗಳ ವ್ಯತ್ಯಾಸ 6.13 ಡಿಗ್ರಿ. ರೇಖಾಂಶಗಳ ವ್ಯತ್ಯಾಸವಾದ 2.02 ಡಿಗ್ರಿಯನ್ನು ಹಾಗೆಯೇ ಬಳಸಬಾರದು. ಧ್ರುವಗಳ ಕಡೆಗೆ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಅದನ್ನು ನಡು ಅಕ್ಷಾಂಶವಾದ 16 ಡಿಗ್ರಿಯ ಕೊಸೈನ್‌ನಿಂದ ಗುಣಿಸಬೇಕು. ಆಗ 1.94 ಬರುತ್ತದೆ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 6.43 ಡಿಗ್ರಿ, ಡಿಗ್ರಿಗೆ 111.2 ಕಿ.ಮೀ.ಯಂತೆ ಸುಮಾರು 715 ಕಿ.ಮೀ. ಲಂಡನ್‌ನಂತಹ ದೂರದ ಊರಿಗೆ ಈ ಸರಳ ವಿಧಾನ ಸಾಲದು, ಗೋಳದ ಸೂತ್ರವೇ ಬೇಕು. ನಮ್ಮ ಕರಾವಳಿಗೆ ಇದು ಧಾರಾಳವಾಗಿ ಸಾಕು. ಮುಂಬಯಿಯ ದಕ್ಷಿಣಕ್ಕಿರುವ ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗಿನ ಕೊಂಕಣ ರೈಲುಮಾರ್ಗವೊಂದೇ ಸುಮಾರು 740 ಕಿ.ಮೀ. ಇದೆ ಎಂಬುದನ್ನು ನೆನೆದರೆ ನೇರ ದಾರಿಯ ಉಳಿತಾಯ ಎಷ್ಟೆಂಬುದು ತಿಳಿಯುತ್ತದೆ.

ಸಮಯದ ವಿಷಯ ಇಷ್ಟು ಸುಲಭವಲ್ಲ. ಎತ್ತರದಲ್ಲಿ ಜೆಟ್ ವಿಮಾನ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ ಎಂದು ಭಾಗಿಸಿದರೆ 52 ನಿಮಿಷ ಬರುತ್ತದೆ, ಆದರೆ ವೇಳಾಪಟ್ಟಿ ಸುಮಾರು ಒಂದೂವರೆ ಗಂಟೆ ಎನ್ನುತ್ತದೆ. ಈ ಅಂತರವನ್ನು ಅರ್ಥಮಾಡಿಕೊಳ್ಳುವುದೇ ನನ್ನ ದೃಷ್ಟಿಯಲ್ಲಿ ಇಡೀ ಲೆಕ್ಕದ ಸಾರ. 10,000 ಅಡಿಗಿಂತ ಕೆಳಗೆ ವೇಗವನ್ನು ಸಾಮಾನ್ಯವಾಗಿ 250 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ.ಗೆ ಮಿತಿಗೊಳಿಸಲಾಗುತ್ತದೆ, ಇಷ್ಟು ಚಿಕ್ಕ ಹಾರಾಟದಲ್ಲಿ ಏರುವುದು, ಇಳಿಯುವುದೇ ದೊಡ್ಡ ಪಾಲು. ಇದರ ಮೇಲೆ, ವೇಳಾಪಟ್ಟಿಯ ಗಡಿಯಾರ ವಿಮಾನ ನಿಂತ ಜಾಗ ಬಿಟ್ಟಾಗ ಆರಂಭವಾಗಿ ಇನ್ನೊಂದು ನಿಲ್ದಾಣದಲ್ಲಿ ನಿಂತಾಗ ಮುಗಿಯುವುದರಿಂದ, ನೆಲದ ಮೇಲೆ ಸಾಗುವ ಮತ್ತು ಸರದಿಗಾಗಿ ಕಾಯುವ ಹೊತ್ತೂ ಅದರಲ್ಲಿ ಸೇರುತ್ತದೆ. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುತ್ತವೆ. ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬಳಕೆಯಲ್ಲಿರುವುದರಿಂದ ಸರದಿ ಉದ್ದವಾಗುತ್ತದೆ.

ದಿಕ್ಕಿಗೂ ಇಲ್ಲಿ ಮಹತ್ವವಿದೆ. ಮುಂಬಯಿಯಲ್ಲಿ ಪಶ್ಚಿಮಾಭಿಮುಖವಾದ ‘27’ ಎಂಬ ರನ್‌ವೇಯಿಂದ (ಈ ಸಂಖ್ಯೆ ದಿಕ್ಕಿನ ಗುರುತು, ಎಣಿಕೆಯಲ್ಲ) ಹಾರಿದ ವಿಮಾನ ಮೊದಲು ಅರಬ್ಬೀ ಸಮುದ್ರದ ಮೇಲೆ ಹೋಗಿ ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಅದೇ ರನ್‌ವೇಯಲ್ಲಿ ಇಳಿಯಬೇಕಾದರೆ ದಕ್ಷಿಣದಿಂದ ಬಂದ ವಿಮಾನ ನಗರದ ಪೂರ್ವಕ್ಕೆ ಸುತ್ತಿ ಬರಬೇಕು. ದಟ್ಟಣೆಯಿದ್ದರೆ ಆಕಾಶದಲ್ಲೇ ಸುತ್ತು ಹಾಕಬೇಕು. ಆದ್ದರಿಂದ ಮರುಪ್ರಯಾಣಕ್ಕೆ ನಾನು ಹೆಚ್ಚಿನ ಅರ್ಧ ಗಂಟೆ ಇಟ್ಟುಕೊಳ್ಳುತ್ತೇನೆ. ಗಾಳಿಯ ಪರಿಣಾಮ ಉತ್ತರ–ದಕ್ಷಿಣದ ಈ ದಾರಿಯಲ್ಲಿ ಕಡಿಮೆ. ಪೂರ್ವ–ಪಶ್ಚಿಮವಾಗಿ ಹೋಗುವ ಕೋಲ್ಕತ್ತದಂತಹ ಮಾರ್ಗಗಳಲ್ಲಿ ಅದನ್ನು ಗಣಿಸಲೇಬೇಕು.

ಮಳೆಗಾಲದಲ್ಲಿ ಮಾತ್ರ ಯಾವ ಲೆಕ್ಕವನ್ನೂ ಬಿಗಿಯಾಗಿ ಹಿಡಿಯಬಾರದು. ಬಜಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ಮಾಡಿದ್ದು. ಮೋಡ ಕವಿದು ಕಣ್ಣಳತೆ ಕುಗ್ಗಿದರೆ ವಿಮಾನವನ್ನು ಬೇರೆ ನಿಲ್ದಾಣಕ್ಕೆ ತಿರುಗಿಸುವುದುಂಟು. ಜೂನ್, ಜುಲೈ ತಿಂಗಳಲ್ಲಿ ಮುಹೂರ್ತಕ್ಕೆ ತಲುಪಬೇಕಾದವರನ್ನು ನಾನು ಹಿಂದಿನ ದಿನವೇ ಹೊರಡಿಸುತ್ತೇನೆ.