ಎದೆ ಬಡಿತಕ್ಕೆ ಹೆದರುವವರ ಜೊತೆ ಸಿಬಿಟಿ: ನನ್ನ ಅನುಭವ

ಕಲಬುರಗಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಗಾಬರಿ ಅಂತ ನನ್ನ ಹತ್ತಿರ ಬರುವವರು ಮೊದಲು ಹೃದಯದ ಡಾಕ್ಟರ್ ಹತ್ತಿರ ಹೋಗಿ ಬಂದಿರುತ್ತಾರೆ. ಇಸಿಜಿ ನಾರ್ಮಲ್, ಥೈರಾಯ್ಡ್ ನಾರ್ಮಲ್. ಆದರೂ "ಎದಿ ಡಬಡಬ ಅಂತದ್ರೀ ಮೇಡಂ, ಜೀವ ಹೋದಂಗ ಆಗ್ತದ." ಮನೆಯವರೆಲ್ಲ "ಏನೂ ಆಗಿಲ್ಲ, ಟೆನ್ಶನ್ ತಗೋಬ್ಯಾಡ" ಅಂತ ಹೇಳಿ ಹೇಳಿ ಸಾಕಾಗಿರುತ್ತಾರೆ. ಅದನ್ನೇ ನಾನೂ ಹೇಳಿದರೆ ಏನು ಬಂತು?

ನಾನು ಮಾಡುವುದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ. ಒಳ್ಳೆಯದನ್ನೇ ಯೋಚಿಸು ಅಂತ ಬುದ್ಧಿ ಹೇಳುವುದೇ ಸಿಬಿಟಿ ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಯೋಚನೆಯನ್ನು ಪರೀಕ್ಷೆಗೆ ಹಚ್ಚುವ ಕೆಲಸ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್, ಖಿನ್ನತೆ ಇದ್ದವರ ತಲೆಯಲ್ಲಿ ತಾನಾಗಿಯೇ ಸರಕ್ಕನೆ ಬಂದು ಹೋಗುವ ಯೋಚನೆಗಳನ್ನು ಗಮನಿಸಿ ಈ ಚಿಕಿತ್ಸೆ ಕಟ್ಟಿದರು. ಯೋಚನೆ, ಭಾವನೆ, ಮೈ, ನಡವಳಿಕೆ, ಇವು ನಾಲ್ಕೂ ಒಂದನ್ನೊಂದು ಎಳೆಯುತ್ತವೆ. ಒಂದು ಕಡೆ ಕೈ ಹಾಕಿದರೆ ಉಳಿದವೂ ಅಲುಗಾಡುತ್ತವೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ, ಊರು ಸೇಡಂ ಕಡೆ. ಬಸ್ ಹತ್ತಿದರೆ ಎದೆ ಬಡಿತ, ಬೆವರು, ಕೈ ಜುಮು ಜುಮು. ಎಷ್ಟೋ ಸಲ ದಾರಿ ನಡುವಿನ ಮಳಖೇಡದಲ್ಲೇ ಇಳಿದುಬಿಡುತ್ತಿದ್ದ. ಎದೆ ಬಡಿದಾಗ ತಲೆಗೆ ಏನು ಬರುತ್ತೆ ಅಂತ ಕೇಳಿದೆ. "ಹಾರ್ಟ್ ಅಟ್ಯಾಕೇ ಅಂತ ಅನಸ್ತದ್ರಿ." ಎಷ್ಟಾಣೆ ನಂಬಿಕೆ? "ಹದಿನಾರಾಣೆ." ನಮ್ಮ ಕಡೆ ನೂರಕ್ಕೆ ಎಷ್ಟು ಅನ್ನುವುದಕ್ಕಿಂತ ಆಣೆ ಲೆಕ್ಕದಲ್ಲಿ ಕೇಳಿದರೆ ಉತ್ತರ ಬೇಗ ಬರುತ್ತದೆ, ಅದಕ್ಕೇ ಹಾಗೆ ಕೇಳುತ್ತೇನೆ.

ಹಾಳೆಯ ಮೇಲೆ ಸುತ್ತು ಬರೆದೆವು. ಎದೆ ಬಡಿತ, ಅಟ್ಯಾಕ್ ಅನ್ನುವ ಯೋಚನೆ, ಭಯ, ಭಯಕ್ಕೆ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು, ಅದಕ್ಕೆ ಇನ್ನೂ ಜೋರು ಬಡಿತ. ಬಸ್ ಇಳಿದ ಕೂಡಲೇ ಸಮಾಧಾನ. ಆದರೆ ಆ ಸಮಾಧಾನವೇ ರೋಗವನ್ನು ಸಾಕುತ್ತದೆ, ಇಳಿದಿದ್ದಕ್ಕೇ ಬದುಕಿದೆ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತದೆ ಅಲ್ವಾ.

ಆಮೇಲೆ ರೂಮಿನಲ್ಲೇ, ನಿಂತ ಜಾಗದಲ್ಲಿ ಒಂದು ನಿಮಿಷ ಜೋರಾಗಿ ಓಡಲು ಹೇಳಿದೆ. ನಾನೂ ಜೊತೆಗೆ ಓಡಿದೆ. ಏನಾಗುತ್ತೆ ಅಂತ ಮೊದಲೇ ಬರೆಸಿದ್ದೆ, 'ಬಿದ್ದುಬಿಡ್ತೀನಿ' ಅಂತ ಬರೆದಿದ್ದ. ಎದೆ ಬಸ್ಸಿನಲ್ಲಿ ಬಡಿದ ಹಾಗೇ ಬಡಿಯಿತು. ಬೀಳಲಿಲ್ಲ. ಬಡಿತ ತಾನಾಗಿ ಇಳಿಯಿತು. ಎಷ್ಟು ಮಾತಾಡಿದರೂ ಇಳಿಯದಿದ್ದ ನಂಬಿಕೆ ಆವತ್ತು ಹತ್ತಾಣೆಗೆ ಬಂತು. (ಹೃದಯದ ತೊಂದರೆ, ಆಸ್ತಮಾ, ಮೂರ್ಛೆ ರೋಗ ಇರುವವರಿಗೆ, ಬಸುರಿಯರಿಗೆ ಡಾಕ್ಟರ್ ಕೇಳದೆ ಇದನ್ನು ಮಾಡಿಸುವುದಿಲ್ಲ. ಮನೋವೈದ್ಯರು ಕೊಟ್ಟ ಮಾತ್ರೆ ಇದ್ದರೆ ನಿಲ್ಲಿಸಲೂ ಹೇಳುವುದಿಲ್ಲ.)

ಮುಂದಿನದು ಬಸ್. ಅವನು ಬಾಗಿಲ ಹತ್ತಿರದ ಸೀಟು, ನೀರಿನ ಬಾಟಲಿ, ಅವ್ವನಿಗೆ ಫೋನ್, ಈ ಮೂರು ಇಲ್ಲದೆ ಬಸ್ ಹತ್ತುತ್ತಿರಲಿಲ್ಲ. ಇವಿಲ್ಲದೆಯೂ ಏನೂ ಆಗಲ್ಲ ಅಂತ ಅವನಿಗೇ ಗೊತ್ತಾಗಲಿ ಅಂತ ಒಂದೊಂದಾಗಿ ಬಿಡಿಸಿದೆವು. ಬಿಸಿಲಿಗೆ ನೀರು ಬೇಕೇ ಬೇಕು, ಆದರೆ ಬಾಯಾರಿದಾಗ ಕುಡಿ, ಗಾಬರಿಯಾದಾಗ ಬೇಡ ಅಂದೆ. ಮೊದಲು ಕಲಬುರಗಿಯೊಳಗೇ, ಸೂಪರ್ ಮಾರ್ಕೆಟ್ ಬಡಾವಣೆ ತನಕ. ಆಮೇಲೆ ಮಳಖೇಡ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಹೋಗಿ ಇಳಿಯುತ್ತದೆ, ಅಷ್ಟು ಹೊತ್ತು ಕೂತಿರಬೇಕು. ಸೇಡಂ ಮುಟ್ಟಿದ ದಿನ ಅವನೇ ಫೋನ್ ಮಾಡಿದ, ನನಗಂತೂ ಭಾಳ ಖುಷಿಯಾಯಿತು.

ಆದರೆ ಎಲ್ಲ ಯೋಚನೆಯೂ ಸುಳ್ಳಲ್ಲ. ತೊಗರಿ ನೆಟೆ ರೋಗಕ್ಕೆ ಹೋಯಿತು, ಸಾಲ ಹಾಗೇ ನಿಂತಿದೆ ಅನ್ನುವ ರೈತನ ಹತ್ತಿರ ಆ ಯೋಚನೆಗೆ ಸಾಕ್ಷಿ ಕೇಳುವುದು ತಪ್ಪು. ಸಾಲ ಖರೆ. 'ಇನ್ನು ನನ್ನಿಂದ ಏನೂ ಆಗಲ್ಲ' ಅನ್ನುವುದನ್ನಷ್ಟೇ ಪರೀಕ್ಷಿಸಬೇಕು, ಸಾಲಕ್ಕೆ ಯಾರನ್ನು ಕಾಣಬೇಕು ಅಂತ ಕೂತು ಬರೆಯಬೇಕು. ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳದವರಿಗೆ ಇನ್ನೂ ಸಣ್ಣದು: ಬಿಸಿಲೇರುವ ಮೊದಲು ನಮ್ಮ ಊರಿನ ಅಪ್ಪನ ಕೆರೆ ಹತ್ತಿರ ಸುಮ್ನೆ ಒಂದು ಸುತ್ತು. ಮನಸ್ಸಾದಾಗ ಹೋಗುತ್ತೇನೆ ಅಂದರೆ ಆಗಲ್ಲ, ಹೋದ ಮೇಲೇ ಮನಸ್ಸಾಗುವುದು.

ಸಾಯುವ ಯೋಚನೆ ಬರುತ್ತಿದೆ ಅಂದರೆ ಇದ್ಯಾವುದಕ್ಕೂ ಕಾಯುವುದಿಲ್ಲ, ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಲು ಮನೆಯವರಿಗೆ ಹೇಳುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.