ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಅಡಿಕೆ ಕೆಲಸ: ನನ್ನ ಅನುಭವ

ಈ ಸಲದ ಅಡಿಕೆ ಕೊನೆಕೊಯ್ಲಿನ (ಗೊನೆ ಇಳಿಸುವ) ಕಾಲ ಪೂರ್ತಿ ಮಗಳು ನನ್ನ ಬೆನ್ನ ಮೇಲೇ ಇದ್ದಳು. ಅಡಿಕೆ ಹರಡಿದ್ದು, ತಿರುವಿದ್ದು, ಸಂಜೆ ರಾಶಿ ಮಾಡಿದ್ದು ಎಲ್ಲಾ ಅವಳನ್ನು ಕಟ್ಟಿಕೊಂಡೇ. ಬೇಯಿಸುವ ಒಲೆಯ ಹತ್ತಿರ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಮಾತ್ರ ಅವಳನ್ನು ಕರೆದೊಯ್ಯಲಿಲ್ಲ. "ಕೂಸಿನ ಕಾಲು ಸೊಟ್ಟ ಆಗ್ತದೆ ಮಾರಾಯ್ತಿ" ಅಂದಿದ್ದ ಅತ್ತೆ ಈಗ ತಾವೇ ಬಂದು ಬಟ್ಟೆಯ ತುದಿ ಹಿಡಿಯುತ್ತಾರೆ.

ಸರಿಯಾದ ಬಟ್ಟೆ ಸಿಗುವ ಮೊದಲು ದುಡ್ಡು ಸುಮಾರು ಹೋಗಿದೆ. ಮಗು ಹೊರುವ ಬಕಲ್ ಕ್ಯಾರಿಯರ್‌ಗೆ 2,500 ರೂಪಾಯಿ ಹತ್ತಿರ. ಸೀಟು ಕಿರಿದು, ಕಾಲು ನೇತಾಡುತ್ತಿತ್ತು. ತೋಟದಿಂದ ಮನೆಗೆ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಎಳೆಯುತ್ತಿತ್ತು. ಆಮೇಲೆ ಮಗುವನ್ನು ಮೈಗೆ ಸುತ್ತಿ ಕಟ್ಟುವ ಹಿಗ್ಗುವ ಬಟ್ಟೆ, ಅಂದರೆ ರ್‍ಯಾಪ್, 1,800 ಇರಬೇಕು. ಎದೆಗೆ ಕಟ್ಟಲು ಚೆನ್ನ, ಬೆನ್ನಿಗೆ ಬೇಡವೇ ಬೇಡ. ಮಗು ಹಿಂದೆ ವಾಲಿದರೆ ಬಟ್ಟೆಯೂ ಜೊತೆಗೇ ಹಿಗ್ಗುತ್ತದೆ. ಹಳೇ ಕಾಟನ್ ಸೀರೆಯನ್ನೂ ಬಿಡಲಿಲ್ಲ. ತೆಳು ಬಟ್ಟೆ, ಹೆಗಲು ಕೊರೆಯಿತು. ಅಗಲ ಜಾಸ್ತಿಯಾಗಿ ಕುಂಡೆಯ ಕೆಳಗೆಲ್ಲ ಮುದ್ದೆ.

ಬೇಕಾಗಿದ್ದು ಓರೆ ನೇಯ್ಗೆ, ಟ್ವಿಲ್. ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಮೂಲೆಯಿಂದ ಮೂಲೆಗೆ ಎಳೆದರೆ ಸ್ವಲ್ಪ ಜಗ್ಗುತ್ತದೆ. ಮಗುವಿನ ಬೆನ್ನಿಗೆ ಬಟ್ಟೆ ಅಚ್ಚುಕಟ್ಟಾಗಿ ಕೂರುವುದು ಅದರಿಂದಲೇ. ಹೊರದೇಶದ ರ್‍ಯಾಪ್‌ಗೆ ಹತ್ತು ಸಾವಿರ ಕೊಡಲು ಮನಸ್ಸಾಗಲಿಲ್ಲ. ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆ ನೋಡಿ ಬೆಳೆದವರು ನಾವು, ಮಗ್ಗದಲ್ಲಿ ಆಗದ್ದು ಏನಿದೆ ಅಂತ ಪರಿಚಯದ ನೇಕಾರರೊಬ್ಬರನ್ನು ಕೇಳಿದೆ. "ನಾಲ್ಕೂವರೆ ಮೀಟರಿಗೆ ಯಾರು ಹಾಸು ಹಾಕ್ತಾರಮ್ಮ?" ಅಂದರು. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು. ಕಡೆಗೆ 20 ಮೀಟರ್ ತಗೊಳ್ಳುತ್ತೇನೆ ಅಂತ ಒಪ್ಪಿದೆ. ಅಗಲ 70 ಸೆಂಟಿಮೀಟರ್ ಆಸುಪಾಸು. ಒಟ್ಟು 7,000 ಆಯಿತು. ಮನೆಯಲ್ಲಿ ಯಾರಿಗೂ ಸಮಾಧಾನ ಇರಲಿಲ್ಲ. ಉಳಿದದ್ದನ್ನು ಹೊದಿಕೆ, ಟವಲ್ ಮಾಡಿ ನೆಂಟರಿಗೆ ಮಾರಿದೆ. ನನ್ನ ತುಂಡು 2,000ದೊಳಗೆ ಬಿತ್ತು!

ಹೊಸದರಲ್ಲಿ ಬಟ್ಟೆ ಒರಟು, ಗಂಟೇ ನಿಲ್ಲುತ್ತಿರಲಿಲ್ಲ. ಜಂತಿಗೆ ಜೋಲಿ ಕಟ್ಟಿ ಮಗಳನ್ನು ಅದರಲ್ಲೇ ತೂಗಿದೆ. ತಿಂಗಳೊಳಗೆ ಮೆತ್ತಗಾಯಿತು.

ಅವಳು ತಾನಾಗಿ ಕೂರಲು ಕಲಿತ ಮೇಲೆಯೇ ಬೆನ್ನಿಗೆ ಹಾಕಿದ್ದು, ಏಳು ತಿಂಗಳಿರಬೇಕು. ಮೊದಮೊದಲು ಮಂಚದ ಪಕ್ಕ, ಹಿಂದೆ ಅತ್ತೆಯನ್ನು ನಿಲ್ಲಿಸಿಕೊಂಡು. ಕಟ್ಟುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ, ಮಗು ಕೂರುವ ಸೀಟಿನ ವಿಷಯ ಮಾತ್ರ ಹೇಳುತ್ತೇನೆ. ಬಗ್ಗಿ ಮಗುವನ್ನು ಬೆನ್ನಿಗೆ ಹಾಕಿಕೊಂಡ ಮೇಲೆ, ಬಟ್ಟೆಯ ಕೆಳಗಿನ ಅಂಚನ್ನು ಅವಳ ಮಂಡಿಯಿಂದ ಮಂಡಿಗೆ ತಂದು, ಅವಳ ಹೊಟ್ಟೆಗೂ ನನ್ನ ಬೆನ್ನಿಗೂ ನಡುವೆ ಒಂದು ಗೇಣು ಬಟ್ಟೆ ತುರುಕುತ್ತೇನೆ. ಮಂಡಿ ಕುಂಡೆಗಿಂತ ಮೇಲಿರಬೇಕು. ಆ ಗೇಣು ಬಟ್ಟೆ ಕಮ್ಮಿಯಾದರೆ, ಅವಳು ಕಾಲು ನೆಟ್ಟಗೆ ಮಾಡಿದ ಕೂಡಲೇ ಸೀಟೇ ಕಳಚುತ್ತದೆ. ಮೇಲಂಚು ಅವಳ ಕಂಕುಳು ದಾಟಿ ಕುತ್ತಿಗೆಯ ಬುಡಕ್ಕೆ ಬರಬೇಕು. ಆಮೇಲೆ ಒಂದು ತುದಿಯನ್ನು ನನ್ನ ಮಂಡಿ ಸಂದಿಯಲ್ಲಿ ಒತ್ತಿ ಹಿಡಿದು, ಇನ್ನೊಂದನ್ನು ಅಂಚು ಅಂಚಾಗಿ ಎಳೆದು ಸಡಿಲ ತೆಗೆಯಬೇಕು. ಸೊಂಟದ ಕೀಲಿಗೆ ಕಾಲು ಹೀಗೆ ಅಗಲವಾಗಿರುವುದೇ ಒಳ್ಳೆಯದು ಅಂತ ಮಕ್ಕಳ ಡಾಕ್ಟರು ಹೇಳಿದ ಮೇಲೆ ಅತ್ತೆಯ ಚಿಂತೆ ಕಳೆಯಿತು.

ಮಳೆಗೆ ಹಳೇ ಗೊರಬು (ಬೆನ್ನು ಮುಚ್ಚುವ ಎಲೆಯ ಮಳೆಗವಚ) ಹಾಕಿ ನೋಡಿದೆ. ಅದು ಬಗ್ಗಿ ನಾಟಿ ಮಾಡುವವರಿಗೆ ಸರಿ, ನೆಟ್ಟಗೆ ನಡೆದರೆ ಮಗುವಿನ ತಲೆಗೆ ತಾಗುತ್ತದೆ. ತಲೆ ಮೇಲಿಂದ ಹೊದೆಯುವ ಕಂಬಳಿ ಕೊಪ್ಪೆ ಬೆಚ್ಚಗಿತ್ತು, ಆದರೆ ಮಗುವಿನ ಮುಖ ಮುಚ್ಚುತ್ತದೆ, ಬಿಟ್ಟೆ. ದೊಡ್ಡ ಛತ್ರಿಯೇ ಸೈ. ಜೋರು ಮಳೆಯಲ್ಲಿ ಅವಳನ್ನು ಹೊತ್ತು ಸಂಕ (ಹಳ್ಳದ ಕಾಲುಸೇತುವೆ) ದಾಟುವುದಿಲ್ಲ. ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ, ಅಂದರೆ ಚೊಗರಿನಲ್ಲಿ, ಬಟ್ಟೆಯ ಒಂದು ತುದಿ ಅದ್ದಿದ್ದೆ, ಕೆಂಗಂದು ಬಣ್ಣ ಬಹಳ ಚೆನ್ನಾಗಿ ಹಿಡಿಯಿತು. ಹೆಗಲ ಭಾಗ ಮಾತ್ರ ಬಿಳಿಯೇ ಇಟ್ಟೆ, ಅಲ್ಲಿ ಅವಳು ಚೀಪುತ್ತಾಳೆ.

ಈಗ ನೇಕಾರರೇ ಮತ್ತೆ ಹಾಸು ಹಾಕೋಣವಾ ಅಂತ ಕೇಳುತ್ತಿದ್ದಾರೆ. ನಾಲ್ಕು ಜನ ಸೇರಿದರೆ ಒಂದೇ ಹಾಸಿನಲ್ಲಿ ನಾಲ್ಕು ರ್‍ಯಾಪ್, ತಲೆಗೆ 1,800ರೊಳಗೆ ಮುಗಿಯುತ್ತದೆ. ಟವಲ್ ಮಾರುವ ತಾಪತ್ರಯವೂ ಇರುವುದಿಲ್ಲ.